ತಲೆಗೆ ಬಂದದ್ದು ಮುಂಡಾಸಿಗೆ ಹೋಗಲಿ

ನಾನು ಹಾಡೋನು, ಬರೆಯೋನಲ್ಲ. ಏಳನೇ ಕ್ಲಾಸು ಓದಿದ್ದು ಗುಂಡ್ಲುಪೇಟೆ ಕಡೆ ಅಜ್ಜಿ ಮನೆಯಲ್ಲಿ ಇದ್ದುಕೊಂಡು. ಆಮೇಲೆ ಅಪ್ಪನ ಹಿಂದೆ ಈ ಬೆಟ್ಟಕ್ಕೆ ಬಂದವನು, ಅವಲಾಂಚ್ ಸೀಮೆಯ ಮಣ್ಣಿನಲ್ಲಿ ಆಲೂಗಡ್ಡೆ, ಕ್ಯಾರೆಟ್ಟು, ಬೆಳ್ಳುಳ್ಳಿ ಬೆಳೆದುಕೊಂಡು ಅರವತ್ತು ದಾಟಿದೆ. ನಮ್ಮ ವಾಚನಾಲಯದವರು ಈ ಸಲದ ಪುಸ್ತಕಕ್ಕೆ ಹಳೇ ಕಾಲದ್ದು ಏನಾದರೂ ಬರೆದುಕೊಡಿ ಅಂದರು. ಮಾದಪ್ಪನ ಪದಗಳ ಬಗ್ಗೆ ಬರೀತಾನೆ ಅಂತ ಎಲ್ಲರೂ ಅಂದುಕೊಂಡಿರಬಹುದು. ನಾನು ಬರೀತಾ ಇರೋದು ತಲೆ ಕಾಯೋ ಟೊಪ್ಪಿಯ ಬಗ್ಗೆ, ಅಂದರೆ ಹೆಲ್ಮೆಟ್ಟಿನ ಚರಿತ್ರೆ. ಹಾಡಿಗೂ ಹೆಲ್ಮೆಟ್ಟಿಗೂ ಏನು ಸಂಬಂಧ ಅಂತ ಕೇಳಬೇಡಿ. ಇದೆ, ಹೇಳ್ತೀನಿ.

ವಾಚನಾಲಯದಲ್ಲಿರುವ ಪುಸ್ತಕ, ಹಳೇ ಪೇಪರು, ಮೇಷ್ಟ್ರು ಇಂಗ್ಲಿಷಿನಿಂದ ಓದಿ ಹೇಳಿದ್ದು, ನಾನು ಕಣ್ಣಾರೆ ಕಂಡಿದ್ದು ಎಲ್ಲಾ ಸೇರಿಸಿ ಇದನ್ನು ಬರೆದಿದ್ದೀನಿ.

ಮುಂಡಾಸು ಮತ್ತು ಸಿಂಬೆ

ನಮ್ಮ ಹಿರಿಯರದ್ದು ಒಂದು ಮಾತಿದೆ. ‘ತಲೆಗೆ ಬಂದದ್ದು ಮುಂಡಾಸಿಗೆ ಹೋಯ್ತು.’ ತಮಿಳಿನಲ್ಲೂ ಇದೇ ಮಾತು ಆಡ್ತಾರೆ. ದೊಡ್ಡ ಕಷ್ಟ ಬರೋದು ಸಣ್ಣದರಲ್ಲಿ ಕಳೀತು ಅನ್ನೋದಕ್ಕೆ ಇದನ್ನು ಹೇಳೋದು. ಆದರೆ ಇದು ಬರೀ ಒಪ್ಪಕ್ಕೆ ಹುಟ್ಟಿದ ಮಾತು ಅಂತ ನನಗೆ ಅನ್ನಿಸಲ್ಲ. ಯಾವನೋ ಒಬ್ಬನ ತಲೆ ಮೇಲೆ ಕೊಂಬೆಯೋ ಕಲ್ಲೋ ಕತ್ತಿಯೋ ಬಿದ್ದು, ಸುತ್ತಿದ್ದ ಬಟ್ಟೆ ಹರಿದು, ತಲೆ ಉಳಿದಿರಬೇಕು. ಆವಾಗ ಹುಟ್ಟಿದ ಮಾತು.

ಆ ಕಾಲದಲ್ಲಿ ಬರೀ ತಲೆಯಲ್ಲಿ ಹೊಲಕ್ಕೆ ಹೋಗೋರೇ ಕಮ್ಮಿ. ಬಯಲು ಸೀಮೆಯಲ್ಲಿ ರುಮಾಲು, ಕುರುಬರಲ್ಲಿ ಕಂಬಳಿ ಕೊಪ್ಪೆ, ಮಲೆನಾಡಿನಲ್ಲಿ ಮಳೆಗೆ ಗೊರಬು. ಇಲ್ಲಿ ನಮ್ಮ ಪಕ್ಕದ ಹಟ್ಟಿಗಳ ಬಡಗ ಹಿರಿಯರು ಇವತ್ತಿಗೂ ಹಬ್ಬಕ್ಕೆ, ಸಾವಿಗೆ ಬಿಳೀ ಮುಂಡಾಸು ಸುತ್ತದೆ ಬರಲ್ಲ. ಹೆಂಗಸರೂ ತಲೆಗೆ ಬಟ್ಟೆ ಕಟ್ಟುತ್ತಾರೆ. ಹೊರೆ ಹೊರೋರಿಗೆ ಸಿಂಬೆ. ಬಟ್ಟೆಯನ್ನೋ ಹುಲ್ಲನ್ನೋ ಬಳೆ ಹಾಗೆ ಸುತ್ತಿ ತಲೆ ಮೇಲಿಟ್ಟು, ಅದರ ಮೇಲೆ ಸೌದೆ, ನೀರಿನ ಕೊಡ, ಕಲ್ಲಿನ ಮಂಕರಿ. ಭಾರ ಒಂದೇ ಕಡೆ ಒತ್ತದೆ ಸುತ್ತ ಹರಡಿಕೊಳ್ಳಲಿ ಅಂತ. ಓದು ಬರಹ ಇಲ್ಲದವರಿಗೂ ಈ ಲೆಕ್ಕ ಗೊತ್ತಿತ್ತು.

ನಮ್ಮಪ್ಪ ಒಂದು ಕಲ್ಲುಕ್ವಾರಿಯಲ್ಲಿ ಕೂಲಿಗೆ ಹೋಗ್ತಿದ್ದರು. ಒಂದು ದಿನ ಮೇಲಿನಿಂದ ಮುಷ್ಟಿಗಾತ್ರದ ಕಲ್ಲು ಜಾರಿ ಅವರ ತಲೆ ಮೇಲೆ ಬಿತ್ತು. ಏಳು ಮೊಳದ ರುಮಾಲು ಸುತ್ತಿದ್ದರಿಂದ ಹಣೆಯ ಮೇಲೆ ಒಂದು ಸೀಳು ಆಯ್ತು, ಅಷ್ಟೇ. ಆ ಗಾಯದ ಗುರುತು ಸಾಯೋವರೆಗೂ ಇತ್ತು. ಅದನ್ನ ಮುಟ್ಟಿ ತೋರಿಸಿ, ‘ನೋಡ್ರಪ್ಪಾ, ರುಮಾಲಿಗೆ ಹೋಗಿದ್ದು ಇದು’ ಅಂತ ನಗೋರು. ಅವರ ಜೊತೆ ಕೆಲಸ ಮಾಡ್ತಿದ್ದ ಇನ್ನೊಬ್ಬರಿಗೆ ಇನ್ನೊಂದು ದಿನ ಅದಕ್ಕಿಂತ ಸ್ವಲ್ಪ ದೊಡ್ಡ ಕಲ್ಲು ಬಿತ್ತು. ಅವರೂ ರುಮಾಲು ಸುತ್ತಿದ್ದರು. ಅವರು ಉಳೀಲಿಲ್ಲ. ಬಟ್ಟೆಗೂ ಒಂದು ಮಿತಿ ಅನ್ನೋದು ಇರ್ತದೆ.

ಈ ಬೆಟ್ಟದ ಸ್ವಭಾವ

ನಮ್ಮ ಊರಿನ ಹೆಸರೇ ಕುಸಿತದ ಹೆಸರು. ಸುಮಾರು 1823ರಲ್ಲಿ ಇಲ್ಲಿ ಗುಡ್ಡದ ಒಂದು ಮಗ್ಗುಲೇ ಜಾರಿ ಬಿತ್ತಂತೆ. ಅದನ್ನು ನೋಡಿದ ಇಂಗ್ಲಿಷರು ಈ ಜಾಗಕ್ಕೆ ಅವಲಾಂಚ್ ಅಂತ ಹೆಸರಿಟ್ಟರು. ಅದಕ್ಕೆ ನಾಲ್ಕು ವರ್ಷ ಮುಂಚೆ, 1819ರಲ್ಲಿ, ಕೊಯಮತ್ತೂರಿನ ಕಲೆಕ್ಟರು ಜಾನ್ ಸಲ್ಲಿವನ್ ಬೆಟ್ಟ ಹತ್ತಿದ್ದ. ಅವನ ಹಿಂದೆ ರಸ್ತೆ ಬಂತು, ಘಾಟಿ ಬಂತು, ಆಸ್ಟ್ರೇಲಿಯಾದಿಂದ ನಾವು ನೀಲಗಿರಿ ಮರ ಅನ್ನೋ ಮರ ಬಂತು, ಚಹಾ ತೋಟ ಬಂತು. 1908ಕ್ಕೆ ರೈಲೇ ಊಟಿವರೆಗೂ ಹತ್ತಿತು. 1950ರ ದಶಕದ ಕೊನೆಯಿಂದ ಕುಂದಾ ವಿದ್ಯುತ್ ಯೋಜನೆಗೆ ಅಂತ ಕೆನಡಾ ದೇಶದ ನೆರವಿನಲ್ಲಿ ಅವಲಾಂಚ್, ಎಮರಾಲ್ಡ್ ಅಣೆಕಟ್ಟೆಗಳು ಎದ್ದವು.

ಇಲ್ಲಿ ಮೇಲಿಂದ ಏನಾದರೂ ಬೀಳುತ್ತಲೇ ಇರ್ತದೆ. 2019ರ ಆಗಸ್ಟಿನಲ್ಲಿ ಒಂದೇ ದಿನಕ್ಕೆ ನಮ್ಮ ಅವಲಾಂಚಿನಲ್ಲಿ 820 ಮಿಲಿಮೀಟರ್ ಮಳೆ ಹೊಯ್ದದ್ದು ದೇಶಕ್ಕೆಲ್ಲಾ ಗೊತ್ತಾಯ್ತು. ಮರ, ಮಣ್ಣು, ಬಂಡೆ ಎಲ್ಲಾ ರಸ್ತೆಗೆ ಬಂದವು. ಮಳೆ ಇಲ್ಲದ ಕಾಲದಲ್ಲೂ ಮಂಜು, ತಿರುವು, ಕಾಡೆಮ್ಮೆ.

ನಡ್ಕೊಂಡು ಹೋಗೋ ಕಾಲದಲ್ಲಿ ತಲೆಗೆ ಪೆಟ್ಟು ಅಂದರೆ ಮೇಲಿಂದ ಬೀಳೋದು ಒಂದೇ. ಬೈಕು ಬಂದ ಮೇಲೆ ನಾವೇ ಹೋಗಿ ನೆಲಕ್ಕೆ ಬೀಳೋ ಹಾಗಾಯ್ತು. ವಿಚಿತ್ರ ಏನಂದರೆ, ಅಪಾಯ ಜಾಸ್ತಿ ಆದ ಕಾಲಕ್ಕೇ ಸರಿಯಾಗಿ ನಾವು ಮುಂಡಾಸು ಬಿಚ್ಚಿ ಇಟ್ಟೆವು. ತಲೆಗೂದಲು ಬಾಚಿ ಬೈಕು ಹತ್ತೋದು ನಾಗರಿಕತೆ ಆಯ್ತು.

ಗಣಿಯವರ ಟೊಪ್ಪಿ

ಗಟ್ಟಿ ಟೊಪ್ಪಿ ಹಾಕಿದವರಲ್ಲಿ ಸಿಪಾಯಿಗಳು ಮೊದಲು. ಅವರನ್ನು ಬಿಟ್ಟರೆ ಗಣಿ ಕೆಲಸದವರು. ಇಂಗ್ಲೆಂಡಿನ ಕಾರ್ನ್‌ವಾಲ್ ಸೀಮೆಯ ಗಣಿಯವರು ಉಣ್ಣೆಯ ಟೊಪ್ಪಿಗೆ ಮರದ ಅಂಟು ಹಾಕಿ ಗಟ್ಟಿ ಮಾಡಿ ಹಾಕ್ಕೊಳ್ಳೋರು. ಅದರ ಮುಂದಕ್ಕೆ ಹಸೀ ಜೇಡಿಮಣ್ಣು ಮೆತ್ತಿ ಮೇಣದ ಬತ್ತಿ ನಿಲ್ಲಿಸಿಕೊಂಡು ಕತ್ತಲಲ್ಲಿ ಇಳಿಯೋರು. ತಲೆಗೆ ಕಾವಲೂ ಆಯ್ತು, ಬೆಳಕೂ ಆಯ್ತು. ಇದೇ ಕಾರ್ನ್‌ವಾಲಿನ ಗಣಿಯವರು 1880ರ ನಂತರ ನಮ್ಮ ಕೋಲಾರದ ಚಿನ್ನದ ಗಣಿಗೂ ಕೆಲಸಕ್ಕೆ ಬಂದರು.

ಈಗ ನಾವು ಕಟ್ಟಡದ ಕೆಲಸದಲ್ಲಿ ನೋಡೋ ಹಳದಿ ಟೊಪ್ಪಿಯ ಅಜ್ಜ ಹುಟ್ಟಿದ್ದು 1919ರಲ್ಲಿ, ಅಮೆರಿಕದಲ್ಲಿ. ಎಡ್ವರ್ಡ್ ಬುಲ್ಲಾರ್ಡ್ ಅನ್ನೋನು ಮೊದಲನೇ ಮಹಾಯುದ್ಧದಿಂದ ವಾಪಸ್ಸು ಬಂದ. ಯುದ್ಧದಲ್ಲಿ ಅವನು ಕಬ್ಬಿಣದ ಟೊಪ್ಪಿ ಹಾಕಿದ್ದ. ಅವರಪ್ಪನದು ಗಣಿಯವರಿಗೆ ಸಾಮಾನು ಮಾರೋ ಅಂಗಡಿ. ಸಿಪಾಯಿ ತಲೆಗೆ ಇರೋದು ಕೂಲಿ ತಲೆಗೆ ಯಾಕೆ ಬೇಡ ಅಂತ ಅವನು ದಪ್ಪ ಕ್ಯಾನ್ವಾಸ್ ಬಟ್ಟೆಯನ್ನು ಅಂಟು ಹಾಕಿ ಹಬೆಯಲ್ಲಿ ಬೇಯಿಸಿ ಗಟ್ಟಿ ಟೊಪ್ಪಿ ಮಾಡಿದ. ಒಂದು ಲೆಕ್ಕದಲ್ಲಿ ಅದು ಬೇಯಿಸಿದ ಮುಂಡಾಸೇ.

ಕೂಲಿಗಳು ತಾವೇ ಕಂಡುಕೊಂಡ ಉಪಾಯವೂ ಉಂಟು. 1931ರಲ್ಲಿ ಅಮೆರಿಕದ ಕೊಲರಾಡೋ ನದಿಗೆ ಈಗ ಹೂವರ್ ಅಂತ ಕರೆಯೋ ದೊಡ್ಡ ಅಣೆಕಟ್ಟೆ ಕಟ್ಟೋಕೆ ಶುರು ಮಾಡಿದರು. ಕಡಿದಾದ ಬಂಡೆಗೆ ಹಗ್ಗದಲ್ಲಿ ನೇತಾಡಿಕೊಂಡು ಸಡಿಲ ಕಲ್ಲು ಕೆಡವೋ ಕೆಲಸ. ತಲೆ ಮೇಲೆ ಕಲ್ಲಿನ ಮಳೆ. ಆಳುಗಳು ಎರಡು ಬಟ್ಟೆ ಟೊಪ್ಪಿ ತಗೊಂಡು ಡಾಂಬರಿನಲ್ಲಿ ಅದ್ದಿ ಒಣಗಿಸಿ ಹಾಕ್ಕೊಂಡರು. ಕಲ್ಲು ಬಿದ್ದು ದವಡೆ ಮುರಿದರೂ ತಲೆಬುರುಡೆ ಉಳಿದವರನ್ನು ನೋಡಿ, ಕೆಲಸ ಮಾಡಿಸೋರೇ ಆಮೇಲೆ ಅಂಥಾ ಟೊಪ್ಪಿ ತರಿಸಿಕೊಟ್ಟರು. ಆಳು ಮೊದಲು ಕಂಡುಕೊಂಡ, ಧಣಿ ಆಮೇಲೆ ಕಲಿತ. ಇದು ನನಗೆ ಬಹಳ ಹಿಡಿಸಿದ ಸಂಗತಿ.

1933ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಗೋಲ್ಡನ್ ಗೇಟ್ ಸೇತುವೆ ಕೆಲಸ ಶುರುವಾದಾಗ ಅದರ ಮುಖ್ಯ ಇಂಜಿನಿಯರು ಜೋಸೆಫ್ ಸ್ಟ್ರಾಸ್ ಗಟ್ಟಿ ಟೊಪ್ಪಿ ಇಲ್ಲದೆ ಕೆಲಸಕ್ಕೆ ಬರಬಾರದು ಅಂತ ಕಟ್ಟುನಿಟ್ಟು ಮಾಡಿದ. ಸೇತುವೆ ಕೆಳಗೆ ಬಲೆಯನ್ನೂ ಕಟ್ಟಿಸಿದ. ಬಲೆಗೆ ಬಿದ್ದು 19 ಜನ ಬದುಕಿದರು. ಆದರೂ 1937ರ ಫೆಬ್ರವರಿ 17ರಂದು ಅಟ್ಟಣೆಯೇ ಕಳಚಿ ಬಲೆ ಹರಿದುಕೊಂಡು ಹೋಗಿ ಹತ್ತು ಜನ ಸತ್ತರು. ಟೊಪ್ಪಿ ಬೇಕು, ಬಲೆ ಬೇಕು, ಅಟ್ಟಣೆ ಭದ್ರ ಇರಬೇಕು. ಒಂದಿದ್ದರೆ ಇನ್ನೊಂದು ಬೇಡ ಅನ್ನೋ ಹಾಗಿಲ್ಲ.

ಒಬ್ಬ ಡಾಕ್ಟರು ಎಣಿಸಿದ ಲೆಕ್ಕ

ರಸ್ತೆಯ ಹೆಲ್ಮೆಟ್ಟಿಗೆ ಒಂದು ಸಾವಿನ ಕಥೆ ಇದೆ. 1935ರ ಮೇ 13ರಂದು ಇಂಗ್ಲೆಂಡಿನಲ್ಲಿ ಟಿ. ಇ. ಲಾರೆನ್ಸ್ ಅನ್ನೋನು ಬೈಕಿನಲ್ಲಿ ಬರ್ತಿದ್ದ. ಅರೇಬಿಯಾದ ಮರಳುಗಾಡಿನ ಯುದ್ಧದಲ್ಲಿ ಹೆಸರು ಮಾಡಿದ್ದವನು. ದಾರಿಯಲ್ಲಿ ಸೈಕಲ್ಲಿನಲ್ಲಿದ್ದ ಇಬ್ಬರು ಹುಡುಗರನ್ನು ತಪ್ಪಿಸೋಕೆ ಹೋಗಿ ಬಿದ್ದ. ತಲೆಗೆ ಪೆಟ್ಟು. ಆರು ದಿನ ಪ್ರಜ್ಞೆ ಇಲ್ಲದೆ ಮಲಗಿ 19ನೇ ತಾರೀಖು ತೀರಿಕೊಂಡ. ಅವನಿಗೆ ಆಗ 46 ವರ್ಷ.

ಅವನನ್ನು ನೋಡೋಕೆ ಕರೆಸಿದ ಡಾಕ್ಟರುಗಳಲ್ಲಿ ಹ್ಯೂ ಕೇರ್ನ್ಸ್ ಒಬ್ಬರು. ಆಸ್ಟ್ರೇಲಿಯಾದಲ್ಲಿ ಹುಟ್ಟಿದ, ಮೆದುಳಿನ ಆಪರೇಷನ್ ಮಾಡೋ ಡಾಕ್ಟರು. ಉಳಿಸೋಕೆ ಆಗದ ತಲೆ ಅವರ ಮನಸ್ಸಿನಲ್ಲಿ ಉಳೀತು. ಎರಡನೇ ಮಹಾಯುದ್ಧ ಬಂದಾಗ ಸೈನ್ಯದ ಕಾಗದ ಪತ್ರ ಒಯ್ಯೋ ಬೈಕಿನವರು ಬಿದ್ದು ಬಿದ್ದು ಅವರ ಹತ್ತಿರ ಬರತೊಡಗಿದರು. ಅವರು ಎಣಿಸೋಕೆ ಶುರು ಮಾಡಿದರು. ಯುದ್ಧದ ಮೊದಲ 21 ತಿಂಗಳಲ್ಲಿ ಬ್ರಿಟನ್ನಿನ ರಸ್ತೆಗಳಲ್ಲಿ ಸತ್ತ ಬೈಕಿನವರು ಮತ್ತು ಹಿಂದೆ ಕೂತವರು ಸೇರಿ 2,279 ಜನ. ಹೆಲ್ಮೆಟ್ ಹಾಕಿದ್ದು ಪೆಟ್ಟು ಬಿದ್ದವರು ಆವಾಗ ಅವರಿಗೆ ಸಿಕ್ಕಿದ್ದು ಏಳೇ ಜನ. ಆ ಏಳು ಜನವೂ ಬದುಕಿದ್ದರು. 1941ರಲ್ಲಿ ಅವರು ಇದನ್ನು ವೈದ್ಯರ ಪತ್ರಿಕೆಯಲ್ಲಿ ಅಚ್ಚು ಹಾಕಿಸಿದರು. ಅದೇ ನವೆಂಬರಿನಲ್ಲಿ ಬ್ರಿಟಿಷ್ ಸೈನ್ಯದ ಬೈಕಿನವರಿಗೆಲ್ಲಾ ಹೆಲ್ಮೆಟ್ ಕಡ್ಡಾಯ ಆಯ್ತು. ಆಮೇಲೆ ಸಾವು ಇಳೀತಾ ಬಂತು.

ಈ ಲೆಕ್ಕದಲ್ಲಿ ನನ್ನ ಕಣ್ಣು ನಿಂತದ್ದು ಒಂದು ಮಾತಿನ ಮೇಲೆ. ‘ಹಿಂದೆ ಕೂತವರು.’ 1941ರಲ್ಲೇ ಆ ಡಾಕ್ಟರು ಹಿಂದೆ ಕೂತವರನ್ನೂ ಲೆಕ್ಕಕ್ಕೆ ಹಿಡಿದಿದ್ದರು. ನಾನು ಹಿಡಿಯಲಿಲ್ಲ.

ನನ್ನ ತಮ್ಮ

2012ರಲ್ಲಿ, ಮಳೆಗಾಲ ಮುಗಿದ ಮೇಲೆ. ಒಂದು ಮನೆಯಲ್ಲಿ ಗೃಹಪ್ರವೇಶಕ್ಕೆ ಮಾದಪ್ಪನ ಪದ ಹಾಡೋಕೆ ಕರೆದಿದ್ದರು. ನಾನು ತಂಬೂರಿ, ತಮ್ಮ ದಮ್ಮಡಿ. ನಾವು ದೀಕ್ಷೆ ಪಡೆದ ಗುಡ್ಡರಲ್ಲ, ಅಜ್ಜನಿಂದ ಕೇಳಿ ಕಲಿತವರು. ನನಗೆ ಕಂಠ ಇತ್ತು, ಅವನಿಗೆ ನೆನಪು ಇತ್ತು. ನಾನು ಒಂದು ಸೊಲ್ಲು ಮರೆತರೆ ಅವನು ದಮ್ಮಡಿ ಬಡೀತಾನೇ ಮೆಲ್ಲಗೆ ಎತ್ತಿ ಕೊಡೋನು. ಸಂಕಮ್ಮನ ಸಾಲನ್ನು ರಾತ್ರಿ ಶುರು ಮಾಡಿದರೆ ಕೋಳಿ ಕೂಗೋವರೆಗೂ ಒಂದು ಸೊಲ್ಲು ಹಿಂದೆ ಮುಂದೆ ಆಗದ ಹಾಗೆ ನಡೆಸೋನು.

ಹಾಡು ಮುಗಿಸಿ ಹೊರಟಾಗ ಬೆಳಗಿನ ಜಾವ. ಮಂಜು ದಟ್ಟವಾಗಿತ್ತು. ನಾನು ಹೆಲ್ಮೆಟ್ ಹಾಕ್ಕೊಂಡೆ. ಅದೂ ತಲೆಗೆ ಹೆದರಿ ಅಲ್ಲ, ದಾರೀಲಿ ಪೊಲೀಸಿನವರು ನಿಲ್ಲಿಸ್ತಾರೆ ಅಂತ. ಅವನ ತಲೆಗೆ ಉಣ್ಣೆಯ ಕುಲಾವಿ. ‘ನಿನಗೂ ಒಂದು ಇದ್ದಿದ್ರೆ ಚೆನ್ನಾಗಿತ್ತು ಕಣೋ’ ಅಂದೆ. ‘ಇಲ್ಲೇ ಅಲ್ವಾ ಅಣ್ಣ, ಹತ್ತು ನಿಮಿಷದ ದಾರಿ. ಹಿಂದೆ ಕೂರೋನಿಗೆ ಯಾಕೆ?’ ಅಂದ. ನನಗೂ ಸರಿ ಅನ್ನಿಸಿತು.

ಒಂದು ತಿರುವಿನಲ್ಲಿ ಕಾಡೆಮ್ಮೆ ರಸ್ತೆಗೆ ಅಡ್ಡ ನಿಂತಿತ್ತು. ಬ್ರೇಕ್ ಹಾಕಿದೆ. ವೇಗ ಏನೂ ಇರಲಿಲ್ಲ, ಇಪ್ಪತ್ತೋ ಇಪ್ಪತ್ತೈದೋ. ಬೈಕು ಜಾರಿತು. ನಾನು ಪಕ್ಕಕ್ಕೆ ಬಿದ್ದೆ, ಹೆಲ್ಮೆಟ್ ರಸ್ತೆಗೆ ಉಜ್ಜಿತು. ಅವನು ಹಿಂದಕ್ಕೆ ಬಿದ್ದ. ಎದ್ದು ಕೂತು ನಕ್ಕ. ರಕ್ತ ಇಲ್ಲ, ಗಾಯ ಇಲ್ಲ. ಕಿವಿ ಮೇಲ್ಗಡೆ ಒಂದು ಬೋರೆ, ಅಷ್ಟೇ. ದಮ್ಮಡಿ ಒಡೀತೇನೋ ಅಂತ ನೋಡಿದ. ಮನೆಗೆ ಬಂದು ಟೀ ಕುಡಿದ. ತಲೆ ನೋವು, ಸ್ವಲ್ಪ ಮಲಗ್ತೀನಿ ಅಂದ. ಮಲಗಲಿ, ರಾತ್ರಿಯೆಲ್ಲಾ ನಿದ್ದೆ ಇಲ್ಲ ಅಂತ ನಾವೂ ಬಿಟ್ಟೆವು.

ಮಧ್ಯಾಹ್ನಕ್ಕೆ ಅವನ ಹೆಂಡತಿ ಕೂಗಿಕೊಂಡಳು. ವಾಂತಿ ಮಾಡಿಕೊಂಡಿದ್ದ, ಎಬ್ಬಿಸಿದರೆ ಏಳ್ತಿರಲಿಲ್ಲ. ಒಂದು ಕಣ್ಣಿನ ಪಾಪೆ ದೊಡ್ಡದಾಗಿತ್ತು. ಊಟಿಗೆ, ಅಲ್ಲಿಂದ ಘಾಟಿ ಇಳಿಸಿ ಕೊಯಮತ್ತೂರಿಗೆ. ಬುರುಡೆಗೂ ಮೆದುಳಿಗೂ ನಡುವೆ ರಕ್ತ ಕಟ್ಟಿಕೊಂಡು ಮೆದುಳನ್ನು ಅದುಮುತ್ತಿತ್ತು ಅಂದರು ಡಾಕ್ಟರು. ಆಪರೇಷನ್ ಮಾಡಿ ತೆಗೆದರು. ‘ಬಿದ್ದ ತಕ್ಷಣ ಕರಕೊಂಡು ಬಂದಿದ್ದರೆ’ ಅಂದವರು ಮಾತು ಅಲ್ಲಿಗೇ ನಿಲ್ಲಿಸಿದರು.

ಅವನು ಬದುಕಿದ. ಇವತ್ತಿಗೂ ನಮ್ಮ ಹೊಲದಲ್ಲಿ ಕ್ಯಾರೆಟ್ಟು ಕೀಳ್ತಾನೆ, ಊಟ ಮಾಡ್ತಾನೆ, ನಗ್ತಾನೆ. ಆದರೆ ಪದ ಹೋಯ್ತು. ದಮ್ಮಡಿ ಕೈಗೆ ಕೊಟ್ಟರೆ ತಾಳ ಸರಿ ಬರ್ತದೆ. ಸೊಲ್ಲು ಬರಲ್ಲ. ಎರಡು ಸೊಲ್ಲು ಹೇಳಿ ನಿಂತು ನನ್ನ ಮುಖ ನೋಡ್ತಾನೆ. ಮೊದಲು ನಾನು ಅವನ ಮುಖ ನೋಡ್ತಿದ್ದೆ. ನನಗೆ ಬರದೆ ಅವನಿಗೆ ಮಾತ್ರ ಬರ್ತಿದ್ದ ಪದಗಳು ಈಗ ಯಾರ ಹತ್ತಿರವೂ ಇಲ್ಲ. ಬರೆದಿಟ್ಟಿರಲಿಲ್ಲ. ಅವನ ತಲೆಯೇ ನಮ್ಮ ಪುಸ್ತಕ ಆಗಿತ್ತು.

ಅವತ್ತಿನ ನನ್ನ ಹೆಲ್ಮೆಟ್ ಇನ್ನೂ ಇಟ್ಟುಕೊಂಡಿದ್ದೀನಿ. ಬಲಗಡೆ ಉಜ್ಜಿದ ಗುರುತು ಇದೆ. ಅದು ನನ್ನ ತಲೆಗೆ ಬಂದದ್ದು.

ಕಾನೂನು ಏನು ಹೇಳಿತ್ತು

ಆಮೇಲೆ ನಾನು ಮೇಷ್ಟ್ರನ್ನು ಕೇಳಿ ತಿಳ್ಕೊಂಡೆ. ಹಿಂದೆ ಕೂತವರಿಗೆ ಹೆಲ್ಮೆಟ್ ಅನ್ನೋದು ಹೊಸ ಕಾನೂನು ಅಂತ ನಾವು ತಿಳಿದಿದ್ದೆವು. ಹೊಸದಲ್ಲ. ಲೋಕದಲ್ಲಿ ಬೈಕಿನ ಎಲ್ಲರಿಗೂ ಹೆಲ್ಮೆಟ್ ಕಡ್ಡಾಯ ಮಾಡಿದ ಮೊದಲ ಸೀಮೆ ಆಸ್ಟ್ರೇಲಿಯಾದ ವಿಕ್ಟೋರಿಯಾ, 1961ರಲ್ಲಿ. ನಮ್ಮ ದೇಶದ 1988ರ ಮೋಟಾರು ವಾಹನ ಕಾಯ್ದೆಯ 129ನೇ ಕಲಮಿನಲ್ಲಿ ಓಡಿಸುವವರೂ ಕೂತು ಹೋಗುವವರೂ ತಲೆ ಕಾಪು ಹಾಕಬೇಕು ಅಂತ ಬರೆದೇ ಇದೆ. ಮುಂಡಾಸು ಧರಿಸೋ ಸಿಖ್ಖರಿಗೆ ಮಾತ್ರ ವಿನಾಯಿತಿ. ತಮಿಳುನಾಡಿನಲ್ಲಿ 2007ರ ಜೂನ್ 1ರಿಂದ ಕಡ್ಡಾಯ ಅಂದರು, ಸ್ವಲ್ಪ ದಿನ ನಡೀತು, ಸಡಿಲ ಆಯ್ತು. ಮದ್ರಾಸ್ ಹೈಕೋರ್ಟು ಗಟ್ಟಿಯಾಗಿ ಹೇಳಿದ ಮೇಲೆ 2015ರ ಜುಲೈ 1ರಿಂದ ಮುಂದೆ ಹಿಂದೆ ಇಬ್ಬರಿಗೂ ಅಂತ ಮತ್ತೆ ಶುರುವಾಯ್ತು. ಕರ್ನಾಟಕದಲ್ಲಿ ಹಿಂದೆ ಕೂತವರಿಗೆ ಅಂತ ಬಿಗಿ ಮಾಡಿದ್ದು 2016ರ ಜನವರಿಯಲ್ಲಿ. 2019ರ ತಿದ್ದುಪಡಿಯಲ್ಲಿ ನಾಲ್ಕು ವರ್ಷ ದಾಟಿದ ಮಗುವಿಗೂ ಹೆಲ್ಮೆಟ್ ಬೇಕು ಅಂತಾಯ್ತು. ಇಲ್ಲದಿದ್ದರೆ ಸಾವಿರ ರೂಪಾಯಿ ದಂಡ, ಮೂರು ತಿಂಗಳು ಲೈಸೆನ್ಸ್ ಬಂದ್.

ಅಂದರೆ ನನ್ನ ತಮ್ಮ ಬೀಳೋದಕ್ಕೆ ಇಪ್ಪತ್ತು ವರ್ಷಕ್ಕಿಂತ ಮುಂಚೆಯೇ ಅವನ ತಲೆಗೆ ಕಾನೂನು ಇತ್ತು. ಹೆಲ್ಮೆಟ್ ಇರಲಿಲ್ಲ.

ಇದು ನಮ್ಮ ಮನೆಯ ಕಥೆ ಮಾತ್ರ ಅಲ್ಲ. ಕೇಂದ್ರ ಸರ್ಕಾರದ ಲೆಕ್ಕದಲ್ಲಿ 2022ನೇ ಇಸವಿಯಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ಅದರಲ್ಲಿ ಹೆಲ್ಮೆಟ್ ಹಾಕದೆ ಸತ್ತವರು 50,029. ಇವರಲ್ಲಿ ಓಡಿಸ್ತಿದ್ದವರು 35,692. ಹಿಂದೆ ಕೂತವರು 14,337. ಸತ್ತವರ ಲೆಕ್ಕ ಇದು. ಬದುಕಿದ್ದು ಪದ ಮರೆತವರ, ಹೆಂಡತಿ ಮಕ್ಕಳ ಹೆಸರು ಮರೆತವರ ಲೆಕ್ಕ ಇದರಲ್ಲಿ ಸೇರಿಲ್ಲ.

ಟೊಪ್ಪಿ ಹೇಗೆ ಕಾಯ್ತದೆ

ಮೆದುಳು ಸುಮಾರು 1,400 ಗ್ರಾಂ ತೂಕ, ಗಟ್ಟಿ ಮೊಸರಿನಷ್ಟು ಮೆತ್ತಗೆ. ಬುರುಡೆ ಗಡಿಗೆ ಇದ್ದ ಹಾಗೆ. ಗಡಿಗೆ ಓಡ್ತಾ ಇದ್ದದ್ದು ತಟ್ಟನೆ ನಿಂತರೆ ಒಳಗಿನ ಮೊಸರು ನಿಲ್ಲಲ್ಲ, ಗೋಡೆಗೆ ಬಡೀತದೆ. ಗಡಿಗೆ ಒಡೆಯದೇ ಇದ್ದರೂ ಮೊಸರು ಕದಡ್ತದೆ. ಅದಕ್ಕೇ ಹೊರಗೆ ರಕ್ತ ಕಾಣದಿದ್ದರೂ ಒಳಗೆ ಕೆಟ್ಟಿರಬಹುದು. ವೇಗ ಬೇಕು ಅಂತೇನೂ ಇಲ್ಲ. ಬರೀ ಒಂದೂವರೆ ಮೀಟರ್ ಎತ್ತರದಿಂದ ತಲೆ ನೆಲಕ್ಕೆ ಬಂದರೆ ಮುಟ್ಟೋ ಹೊತ್ತಿಗೆ ಗಂಟೆಗೆ ಸುಮಾರು 20 ಕಿಲೋಮೀಟರ್ ವೇಗ ಆಗಿರ್ತದೆ.

ಹೆಲ್ಮೆಟ್ಟಿನಲ್ಲಿ ಎರಡು ಪದರ. ಹೊರಗಿನ ಗಟ್ಟಿ ಚಿಪ್ಪು ಸಿಂಬೆಯ ಕೆಲಸ ಮಾಡ್ತದೆ, ಪೆಟ್ಟನ್ನು ಹರಡ್ತದೆ. ಒಳಗೆ ದಪ್ಪ ಬಿಳೀ ಥರ್ಮಾಕೋಲಿನಂಥದ್ದು ಇರ್ತದಲ್ಲ, ನಿಜವಾದ ಕೆಲಸ ಅದರದ್ದು. ಪೆಟ್ಟು ಬಿದ್ದಾಗ ಅದು ಜಜ್ಜಿ ಹೋಗ್ತದೆ. ತಾನು ಜಜ್ಜಿ ತಲೆಯನ್ನು ನಿಧಾನ ನಿಲ್ಲಿಸ್ತದೆ. ನಾವು ಮೊಟ್ಟೆ ಸಾಗಿಸುವಾಗ ಹುಲ್ಲು ಇಡಲ್ವಾ, ಹಾಗೆ. ಈ ಉಪಾಯಕ್ಕೆ ಅಮೆರಿಕದ ಲೊಂಬಾರ್ಡ್ ಮತ್ತು ಅವನ ಜೊತೆಗಾರರಿಗೆ 1953ರಲ್ಲಿ ಪೇಟೆಂಟ್ ಸಿಕ್ಕಿತು. ಒಂದು ಸಲ ಜೋರು ಪೆಟ್ಟು ತಿಂದ ಹೆಲ್ಮೆಟ್ ಹೊರಗೆ ಚೆನ್ನಾಗಿ ಕಂಡರೂ ಒಳಗೆ ಜಜ್ಜಿರ್ತದೆ. ಅದನ್ನು ಮತ್ತೆ ಹಾಕಬಾರದು. ನನ್ನದನ್ನು ನಾನು ಇಟ್ಟಿರೋದು ನೋಡೋಕೆ ಮಾತ್ರ.

ಹಲವು ದೇಶದ ಅಧ್ಯಯನಗಳನ್ನು ಒಟ್ಟು ಮಾಡಿ 2008ರಲ್ಲಿ ಹೇಳಿದ ಲೆಕ್ಕದಲ್ಲಿ, ಬೈಕಿನವರು ಹೆಲ್ಮೆಟ್ ಹಾಕಿದರೆ ಸಾಯೋ ಅಪಾಯ ನೂರಕ್ಕೆ ಸುಮಾರು 42, ತಲೆಪೆಟ್ಟಿನ ಅಪಾಯ ಸುಮಾರು 69 ಪಾಲು ಕಮ್ಮಿ ಆಗ್ತದೆ. ಪೂರ್ತಿ ಹೋಗ್ತದೆ ಅಂತ ಯಾರೂ ಹೇಳಿಲ್ಲ.

ಕೊಳ್ಳುವಾಗ ಐಎಸ್‌ಐ ಗುರುತು ನೋಡಿ. 2021ರ ಜೂನ್ 1ರಿಂದ ಆ ಗುರುತು ಇಲ್ಲದ ಬೈಕ್ ಹೆಲ್ಮೆಟ್ ಮಾರೋದೇ ತಪ್ಪು. ಆದರೂ ರಸ್ತೆ ಬದಿಯಲ್ಲಿ ಬಕೆಟ್ಟಿನಂಥಾ ಟೊಪ್ಪಿ ಸಿಗ್ತದೆ. ಒಳಗೆ ದಪ್ಪ ಪದರ ಇಲ್ಲದ್ದು ಪೊಲೀಸಿನವರ ಕಣ್ಣಿಗೆ ಟೊಪ್ಪಿ, ರಸ್ತೆಗೆ ಅಲ್ಲ. ಗದ್ದದ ಪಟ್ಟಿ ಬಿಗಿಯಾಗಿ ಹಾಕಿ. ಪಟ್ಟಿ ಹಾಕದಿದ್ದರೆ ತಲೆ ನೆಲ ಮುಟ್ಟೋಕೆ ಮುಂಚೆ ಹೆಲ್ಮೆಟ್ ಬೇರೆ ಕಡೆ ಹೋಗಿರ್ತದೆ. ಚಳಿ ಅಂತ ಒಳಗೆ ದಪ್ಪ ಕುಲಾವಿ ಹಾಕಿ ಮೇಲೆ ಹೆಲ್ಮೆಟ್ ಸಿಕ್ಕಿಸಬೇಡಿ, ಅದು ಸರಿಯಾಗಿ ಕೂರಲ್ಲ.

ಕೆಲಸದ ಜಾಗದ ಟೊಪ್ಪಿ ಬೇರೆ, ರಸ್ತೆಯದು ಬೇರೆ. ಅದರೊಳಗೆ ಪಟ್ಟಿಗಳ ಜೋಲಿ ಇರ್ತದೆ. ಚಿಪ್ಪಿಗೂ ತಲೆಗೂ ನಡುವೆ ಬೆರಳಗಲದ ಸಂದು ಬೇಕು. ಆ ಸಂದಿನಲ್ಲಿ ತಂಬಾಕು ಪೊಟ್ಟಣ ಇಡೋರನ್ನು ನೋಡಿದ್ದೀನಿ. ಅದು ತಲೆ ಕಾಯೋ ಜಾಗ, ಜೇಬು ಅಲ್ಲ. ಮರ ಕಡಿಯೋರು, ತಡೆಗೋಡೆ ಕಟ್ಟೋರು, ಕಲ್ಲು ಕೆಲಸದವರು, ಲಾರಿಗೆ ಮೂಟೆ ತುಂಬೋರು ಎಲ್ಲರಿಗೂ ಬೇಕು. 1996ರಲ್ಲಿ ಕಟ್ಟಡ ಕಾರ್ಮಿಕರ ಕಾಯ್ದೆ ಬಂತು. ಅದರ ನಿಯಮದಲ್ಲಿ ತಲೆ ಕಾಪಿನ ಮಾತೂ ಉಂಟು. ಆದರೆ ಮೇಸ್ತ್ರಿಗೆ ಟೊಪ್ಪಿ, ಮಣ್ಣು ಹೊರೋ ಹೆಂಗಸಿಗೆ ಸಿಂಬೆ ಅನ್ನೋದು ಇನ್ನೂ ಎಷ್ಟೋ ಕಡೆ ನಡೀತಿದೆ. ಬೈಕಿನಲ್ಲಿ ಹಿಂದೆ ಕೂತವರ ಕಥೆಯೇ ಇಲ್ಲೂ.

ಒಂದು ಎಚ್ಚರಿಕೆ. 2024ರ ಫೆಬ್ರವರಿ 7ರಂದು ಊಟಿ ಹತ್ತಿರದ ಲವ್‌ಡೇಲ್ ಗಾಂಧಿನಗರದಲ್ಲಿ ಮನೆ ಕೆಲಸಕ್ಕೆ ಮಣ್ಣು ತೆಗೀತಿದ್ದವರ ಮೇಲೆ ಪಕ್ಕದ ಹಳೇ ಕಟ್ಟಡ ಕುಸಿದು ಆರು ಜನ ಹೆಂಗಸರು ತೀರಿಕೊಂಡರು. ಅಂಥಾ ಕುಸಿತಕ್ಕೆ ಟೊಪ್ಪಿ ಏನೂ ಮಾಡಲ್ಲ. ಧರೆ ಕಡಿದು ಕೆಲಸ ಮಾಡಿಸೋರು ಮೊದಲು ಧರೆಗೆ ಊರೆ ಕೊಡಬೇಕು. ಟೊಪ್ಪಿ ಕೊಟ್ಟಿದ್ದೀನಿ ಅಂತ ಧಣಿ ಕೈ ತೊಳೆಯೋ ಹಾಗಿಲ್ಲ.

ಪೆಟ್ಟು ಬಿದ್ದ ಮೇಲೆ

ನನ್ನ ತಮ್ಮನ ಬೆಲೆ ತೆತ್ತು ಕಲಿತದ್ದು ಇದು. ಇದನ್ನು ಮಾತ್ರ ಮರೀಬೇಡಿ.

ತಲೆಗೆ ಪೆಟ್ಟು ಬಿದ್ದವರು ಎದ್ದು ನಗಬಹುದು, ಟೀ ಕುಡಿಯಬಹುದು. ಅದನ್ನು ನಂಬಬೇಡಿ. ಸ್ವಲ್ಪ ಹೊತ್ತಾದರೂ ಜ್ಞಾನ ತಪ್ಪಿತ್ತು ಅಂದರೆ, ತಲೆನೋವು ಏರ್ತಾ ಹೋದರೆ, ಮತ್ತೆ ಮತ್ತೆ ವಾಂತಿ ಆದರೆ, ಮಂಪರು ಹಿಡಿದರೆ, ಮಾತು ತೊದಲಿದರೆ, ಕೈಕಾಲು ಸೋತರೆ, ಫಿಟ್ಸ್ ಬಂದರೆ, ಕಿವಿ ಮೂಗಿನಿಂದ ರಕ್ತವೋ ನೀರಿನಂಥದ್ದೋ ಸೋರಿದರೆ, ಒಂದು ಕಣ್ಣಿನ ಪಾಪೆ ದೊಡ್ಡದಾದರೆ ಕಾಯಬೇಡಿ. 108ಕ್ಕೆ ಫೋನ್ ಮಾಡಿ. ನಿದ್ದೆ ಮಾಡಿದರೆ ಸರಿ ಹೋಗ್ತದೆ ಅನ್ನೋದು ನಾವು ಮಾಡಿದ ತಪ್ಪು. ಏನೂ ಚಿಹ್ನೆ ಇಲ್ಲದಿದ್ದರೂ ಒಂದು ಹಗಲು ಒಂದು ರಾತ್ರಿ ಯಾರಾದರೂ ಜೊತೆಗಿದ್ದು ನೋಡಿಕೊಳ್ಳಬೇಕು. ಕುಡಿದವರು ಬಿದ್ದರೆ ಇನ್ನೂ ಎಚ್ಚರ. ಅಮಲು ಅಂತ ಬಿಟ್ಟು ಬಿಟ್ಟು ಎಷ್ಟೋ ಜನ ಹೋಗಿದ್ದಾರೆ.

ರಸ್ತೆಯಲ್ಲಿ ಬಿದ್ದವರನ್ನು ಕೈಕಾಲು ಹಿಡಿದು ಎಳೀಬೇಡಿ, ಕತ್ತು ಅಲುಗದ ಹಾಗೆ ನೋಡಿಕೊಳ್ಳಿ. ಜ್ಞಾನ ಇಲ್ಲದವರ ಬಾಯಿಗೆ ನೀರು ಹಾಕಬೇಡಿ. ಪೊಲೀಸು, ಕೋರ್ಟು ಅಂತ ಹೆದರಬೇಡಿ. ಬಿದ್ದವರಿಗೆ ಸಹಾಯ ಮಾಡಿದವರನ್ನು ಯಾರೂ ಪೀಡಿಸಬಾರದು ಅನ್ನೋ ನಿಯಮಕ್ಕೆ 2016ರ ಮಾರ್ಚ್ 30ರಂದು ಸುಪ್ರೀಂ ಕೋರ್ಟು ಕಾನೂನಿನ ಬಲ ಕೊಟ್ಟಿದೆ. ಅವಲಾಂಚಿನಿಂದ ಊಟಿಗೆ ಸುಮಾರು 25 ಕಿಲೋಮೀಟರ್, ಅಲ್ಲಿಂದ ಕೊಯಮತ್ತೂರು ಇನ್ನೂ 85. ಬೆಟ್ಟದವರಿಗೆ ಆಸ್ಪತ್ರೆ ದೂರ. ಅದಕ್ಕೇ ನಾವು ಬಯಲಿನವರಿಗಿಂತ ಮುಂಚೆ ಹೊರಡಬೇಕು, ಬಯಲಿನವರಿಗಿಂತ ಜಾಸ್ತಿ ತಲೆ ಕಾಯ್ಕೋಬೇಕು.

ಮುಗಿಸೋ ಮಾತು

ಈ ವಾಚನಾಲಯಕ್ಕೆ ನಾವು ಹೆಂಚು ಹಾಕಿಸಿದ್ದೀವಿ, ಮಳೆ ಸೋರದ ಹಾಗೆ ನೋಡ್ಕೋತೀವಿ, ರಾತ್ರಿ ಬೀಗ ಹಾಕ್ತೀವಿ. ಒಳಗೆ ಪುಸ್ತಕ ಇದೆ ಅಂತ. ನಮ್ಮ ಒಬ್ಬೊಬ್ಬರ ತಲೆಯೂ ಅಂಥದ್ದೇ. ಯಾವ ತಲೆಯಲ್ಲಿ ಯಾವ ಪದ ಇದೆ, ಯಾವ ಬೀಜದ ಗುಟ್ಟಿದೆ, ಯಾವ ಲೆಕ್ಕ ಇದೆ ಅಂತ ಹೊರಗಿಂದ ಕಾಣಲ್ಲ.

ನನಗೆ ಬರೋ ಪದಗಳನ್ನ ಈಗ ಮೊಮ್ಮಗಳ ಕೈಲಿ ಬರೆಸ್ತಾ ಇದ್ದೀನಿ. ತಮ್ಮನೂ ಪಕ್ಕದಲ್ಲಿ ಕೂತು ಕೇಳ್ತಾನೆ. ಒಂದೊಂದು ಸಲ ಒಂದು ಸೊಲ್ಲು ತಾನಾಗೇ ಬಾಯಿಗೆ ಬರ್ತದೆ. ಅವಳು ತಟ್ಟನೆ ಬರ್ಕೋತಾಳೆ. ಬರೆದು ಮುಗಿಸಿ ಸ್ಕೂಲಿಗೆ ಹೊರಟಾಗ ನಾನೇ ಬೈಕಿನಲ್ಲಿ ಬಿಡ್ತೀನಿ. ಮನೆಯಲ್ಲಿ ಈಗ ಎರಡು ಹೆಲ್ಮೆಟ್ ಒಂದೇ ಗೂಟಕ್ಕೆ ನೇತು ಹಾಕಿದ್ದೀವಿ. ಹಿಂದಿನ ತಲೆಗೆ ಹಾಕಿ ಪಟ್ಟಿ ಬಿಗಿದ ಮೇಲೇ ನಾನು ನನ್ನದು ಹಾಕೋದು.

ತಲೆಗೆ ಬರೋದು ಬರ್ತದೆ. ಅದು ಮುಂಡಾಸಿಗೆ ಹೋಗಬೇಕಾದರೆ ತಲೆ ಮೇಲೆ ಮುಂಡಾಸು ಇರಬೇಕಲ್ವಾ.